ಲಕ್ಸೆಂಬರ್ಗ್ ನೋಡಿ ಬಂದ ಬೀಗದಕೈ

ಬಜ್ಪೆ

ಮಂಗಳೂರು ವಿಮಾನ ನಿಲ್ದಾಣದ ತಪಾಸಣೆಯ ಪರದೆಯ ಹಿಂದೆ ನಿಂತಿದ್ದ ಹುಡುಗಿಯ ಕೈಯಲ್ಲಿದ್ದ ಯಂತ್ರ ನನ್ನ ಸೊಂಟದ ಹತ್ತಿರ ಬಂದ ಕೂಡಲೇ ಕಿರುಚಿಕೊಂಡಿತು. ಅರುವತ್ತನಾಲ್ಕು ವರ್ಷದಲ್ಲಿ ನನ್ನನ್ನು ಮುಟ್ಟಿ ಯಾವುದೂ ಹಾಗೆ ಕಿರುಚಿದ್ದಿಲ್ಲ. ಕಾರ್ಕಳದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತಳಾದ ನಾನು, ವನಜಾ ಟೀಚರ್, ತಪ್ಪು ಮಾಡಿ ಸಿಕ್ಕಿಬಿದ್ದ ಎಂಟನೆಯ ಕ್ಲಾಸಿನ ಮಕ್ಕಳ ಹಾಗೆ ನೆಲ ನೋಡುತ್ತಾ ನಿಂತೆ.

ಅಂದು ನಾನು ಮೊದಲ ಬಾರಿಗೆ ಚೂಡಿದಾರ ಹಾಕಿದ್ದೆ. "ಟೀಚರ್, ಸೀರೆ ಉಟ್ಟುಕೊಂಡು ಅಷ್ಟು ಹೊತ್ತು ಕೂತುಕೊಳ್ಳಲಿಕ್ಕೆ ಆಗುದಿಲ್ಲ" ಎಂದು ನಸೀಮಾ ಫೋನಿನಲ್ಲಿ ಹತ್ತು ಸಲ ಹೇಳಿದ್ದಳು. ಸೀರೆಯನ್ನೇನೋ ಬಿಟ್ಟೆ, ಅಭ್ಯಾಸ ಬಿಡಲಿಲ್ಲ. ಬೆಳಗ್ಗೆ ಲಾಡಿ ಕಟ್ಟಿಕೊಳ್ಳುವಾಗ, ಹದಿಮೂರು ವರ್ಷದಿಂದ ಅದಕ್ಕೆ ಕಟ್ಟುತ್ತಿದ್ದುದನ್ನೇ ಕೈ ತಾನಾಗಿ ಕಟ್ಟಿಬಿಟ್ಟಿತ್ತು. ಅಂಗೈ ಉದ್ದದ ಕಬ್ಬಿಣದ ಬೀಗದಕೈ. ನಮ್ಮ ಮನೆಯ ದೈವದ ಕೋಣೆಯದ್ದು.

"ಯೇ ಕಿಸ್ ಕಾ ಹೈ?", ಇದು ಯಾರದ್ದು ಎಂದು ಆ ಹುಡುಗಿ ಕೇಳಿದಳು. ನನಗೆ ಬರುವ ಹಿಂದಿಯಲ್ಲಿ "ಭಗವಾನ್ ಕಾ" ಎಂದೆ. ಅವಳು ನಗಲಿಲ್ಲ. ಬೀಗದಕೈಯನ್ನು ಒಮ್ಮೆ ಕಣ್ಣಿಗೆ ಒತ್ತಿಕೊಂಡು ಹಿಂದಕ್ಕೆ ಕೊಟ್ಟಳು.

ಈ ಬೀಗದಕೈಯ ವಿಷಯ ಸ್ವಲ್ಪ ಹೇಳಬೇಕು. ಹಿರಿಯಡ್ಕದಿಂದ ಒಳಗೆ ನಮ್ಮದೊಂದು ಗುತ್ತಿನ ಮನೆ. ಗುತ್ತು ಎಂದರೆ ಹಿಂದೆ ಊರಿನ ನ್ಯಾಯ ತೀರ್ಮಾನ ಮಾಡುತ್ತಿದ್ದ ಮನೆ, ಈಗ ದೈವದ ಕೆಲಸ ಮಾತ್ರ ಉಳಿದಿರುವ ಮನೆ. ಮನೆಯ ಯಜಮಾನಿಕೆಗೆ 'ಗಡಿ' ಎನ್ನುತ್ತಾರೆ. ನಮ್ಮದು ಅಳಿಯಸಂತಾನ. ಮಾವನ ನಂತರ ಗಡಿ ಅವನ ಮಗನಿಗಲ್ಲ, ಅವನ ಅಕ್ಕತಂಗಿಯರ ಗಂಡುಮಕ್ಕಳಿಗೆ. ಸಂತಾನ ನಡೆಯುವುದು ಹೆಂಗಸರಿಂದ, ಗಡಿಯಲ್ಲಿ ಕೂರುವುದು ಗಂಡಸರು. ಗಡಿಯಲ್ಲಿದ್ದ ದೊಡ್ಡಮಾವ, ಅಮ್ಮನ ಅಣ್ಣ, ಹನ್ನೆರಡು ವರ್ಷ ಮಲಗಿದಲ್ಲೇ ಇದ್ದರು. ಗಂಡ ತೀರಿಕೊಂಡ ಮೇಲೆ ತಾಯಿಮನೆಗೆ ಬಂದ ನಾನು ಅವರನ್ನು ನೋಡಿಕೊಂಡೆ, ತಿಂಗಳಿಗೊಮ್ಮೆ ಸಂಕ್ರಮಣಕ್ಕೆ ದೈವದ ಕೋಣೆಗೆ ದೀಪ ಇಟ್ಟೆ, ಬೀಗದಕೈ ಸೊಂಟಕ್ಕೆ ಕಟ್ಟಿಕೊಂಡೆ. ಕಳೆದ ವರ್ಷ ಮಾವ ಹೋದರು. ಗಡಿಗೆ ನನ್ನ ತಮ್ಮ ಜಯಕರ ಎಂದು ಮನೆಯ ಎದುರಿನ ಚಾವಡಿಯಲ್ಲಿ ಗಂಡಸರು ಕೂತು ನಿಶ್ಚಯ ಮಾಡಿದರು. ಅವನಿಗೆ ಸಂತೆಕಟ್ಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಒಳ್ಳೆಯವ. ಸ್ವಲ್ಪ ಆತುರದವ.

ಅವನು ಗಡಿ ಹಿಡಿಯಲು ಅವರು ಇಟ್ಟ ದಿನ ನಾನು ಊರಲ್ಲಿರದ ವಾರದಲ್ಲಿ ಬಂತು. ನನ್ನ ಪ್ರಯಾಣ ಆರು ತಿಂಗಳ ಹಿಂದೆಯೇ ನಿಶ್ಚಯವಾಗಿತ್ತು. ಹೇಳಿದಾಗ ಜಯಕರ, "ನೀನು ಹೋಗಿ ಬಾ ಅಕ್ಕಾ, ಇಲ್ಲಿ ನಾವು ಮಾಡಿಕೊಳ್ತೇವೆ" ಎಂದ. ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೂ ಆ ಮಾತು ನನ್ನೊಳಗೆ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು.

ಟಿಕೆಟ್ ಇಲ್ಲದ ಊರು

ನಸೀಮಾ ಕಾಪುವಿನವಳು, ನನ್ನ ವಿದ್ಯಾರ್ಥಿನಿ. ಅಜ್ಜಿಯ ಮನೆ ಕಾರ್ಕಳದ ಹತ್ತಿರದ ಬಜಗೋಳಿಯಲ್ಲಿ ಇದ್ದುದರಿಂದ ಹೈಸ್ಕೂಲಿಗೆ ನಮ್ಮಲ್ಲಿಗೆ ಬಂದಳು. ಮಣಿಪಾಲದಲ್ಲಿ ನರ್ಸಿಂಗ್ ಕಲಿತಳು, ಈಗ ಲಕ್ಸೆಂಬರ್ಗಿನ ಆಸ್ಪತ್ರೆಯೊಂದರಲ್ಲಿದ್ದಾಳೆ. ಲಕ್ಸೆಂಬರ್ಗ್ ಎಂದರೆ ಜರ್ಮನಿ, ಫ್ರಾನ್ಸ್, ಬೆಲ್ಜಿಯಂಗಳ ನಡುವೆ ಸಿಕ್ಕಿಕೊಂಡಿರುವ ಪುಟ್ಟ ದೇಶ. ನಮ್ಮ ಉಡುಪಿ ಜಿಲ್ಲೆಗಿಂತ ಸಣ್ಣದು ಎಂದು ನಸೀಮಾ ಹೇಳಿದಾಗ ಇಂಥದ್ದಕ್ಕೂ ಒಂದು ದೇಶ ಎನ್ನುತ್ತಾರಾ ಎಂದು ನಕ್ಕಿದ್ದೆ. ಅಲ್ಲಿಗೆ ಹೋದ ಮೇಲೆ ನಗು ನಿಂತಿತು.

ಮೊದಲ ದಿನ ಅವಳು ಡ್ಯೂಟಿಗೆ ಹೋದಾಗ ಒಬ್ಬಳೇ ಬಸ್ ಹತ್ತಿದೆ. ಕಂಡಕ್ಟರ್ ಇಲ್ಲ. ಸೀಟಿ ಇಲ್ಲ. 'ಮುಂದೆ ಹೋಗಿ, ಮುಂದೆ ಹೋಗಿ' ಎಂಬ ದಬಾಯಿಸುವಿಕೆ ಇಲ್ಲ. ಡ್ರೈವರ್ ಹತ್ತಿರ ಹೋಗಿ ಟಿಕೆಟ್ ಎಂದರೆ ಅವನು ಹೆಗಲು ಕುಣಿಸಿ ಸೀಟು ತೋರಿಸಿದ. ಸಿಕ್ಕಿಬೀಳುವ ಹೆದರಿಕೆಯಿಂದ ಮೂರನೆಯ ನಿಲ್ದಾಣದಲ್ಲೇ ಇಳಿದು ಉಳಿದ ದಾರಿ ನಡೆದೆ. ಈ ದೇಶದಲ್ಲಿ ಬಸ್ಸಿಗೂ ರೈಲಿಗೂ ಯಾರಿಗೂ ಟಿಕೆಟ್ ಇಲ್ಲವೆಂದು ಸಂಜೆ ನಸೀಮಾ ಹೇಳಿದಳು. "ಮೊದಲೇ ಹೇಳುದಲ್ವಾ ಮಾರಾಯ್ತಿ, ನನ್ನ ಮೊಣಕಾಲು ಹೋಯಿತು" ಎಂದೆ. ಅವಳಿಗೆ ಬಿದ್ದು ಬಿದ್ದು ನಗು.

ಆದರೆ ನನ್ನನ್ನು ಹೆಚ್ಚು ಹಿಡಿದದ್ದು ಅಲ್ಲಿನ ಮಾತು. ಮನೆಯಲ್ಲಿ ಲಕ್ಸೆಂಬರ್ಗಿಷ್, ಅಂಗಡಿಯಲ್ಲಿ ಫ್ರೆಂಚ್, ಪತ್ರಿಕೆ ಓದಲು ಜರ್ಮನ್. ಒಂದೇ ಮಾತಿನ ನಡುವೆ ಭಾಷೆ ಬದಲಿಸಿಬಿಡುತ್ತಾರೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಟ್ಟೆ ಅಂಗಡಿಯಲ್ಲಿ ಕೊಂಕಣಿ, ನಸೀಮಾಳ ಅಮ್ಮನ ಹತ್ತಿರ ಅರೆಬರೆ ಬ್ಯಾರಿ ಮಾತಾಡಿ ಬೆಳೆದ ನನಗೆ ಅದು ಪರದೇಶ ಎನಿಸಲೇ ಇಲ್ಲ.

ಊರೆಲ್ಲ ಸಿಂಗಾರವಾಗುತ್ತಿತ್ತು. ಕಿಟಕಿಗಳಲ್ಲಿ ಬಾವುಟ, ಚೌಕಗಳಲ್ಲಿ ದೊಡ್ಡ ಪರದೆ. "ಶುಕ್ರವಾರ ಇಲ್ಲಿನ ದೊರೆ ಮಗನಿಗೆ ಪಟ್ಟ ಬಿಟ್ಟುಕೊಡ್ತಾರೆ ಟೀಚರ್. ಗ್ರಾಂಡ್ ಡ್ಯೂಕ್ ಅಂತ ಹೇಳುದು. ನೀವು ಬಂದ ಸಮಯ ನೋಡಿ!" ಎಂದಳು ನಸೀಮಾ.

ಗಡಿಯಿಂದ ತಪ್ಪಿಸಿಕೊಂಡು ಇಷ್ಟು ದೂರ ಬಂದರೆ ಇಲ್ಲಿಯೂ ಅದೇ ಕಾದು ಕೂತಿತ್ತು.

ಬುಧವಾರದ ಫೋನು

ಬುಧವಾರ ಮಧ್ಯಾಹ್ನ ಜಯಕರನ ಫೋನು ಬಂತು. ಆದಿತ್ಯವಾರ ಅವನು ಗಡಿ ಹಿಡಿಯುವ ದಿನ. ದೈವದ ಕತ್ತಿ, ಗಂಟೆ ಉಜ್ಜಿ ಬೆಳಗಲಿಕ್ಕೆ ಕೋಣೆ ತೆರೆಯಲು ಹೋಗಿದ್ದಾರೆ. ನಾನು ಕೊಟ್ಟು ಬಂದ ಗೊಂಚಲಿನಲ್ಲಿ ಎಲ್ಲ ಬೀಗದಕೈಗಳೂ ಇವೆ, ಅದೊಂದು ಇಲ್ಲ.

"ಅಕ್ಕಾ, ದೈವದ ಕೋಣೆದ್ದು ಎಲ್ಲಿ ಉಂಟು?"

"ಇಲ್ಲಿ ಉಂಟು."

"ಇಲ್ಲಿ ಅಂದ್ರೆ ಎಲ್ಲಿ? ಕಪಾಟಿನಲ್ಲಾ?"

"ಇಲ್ಲಿ, ಲಕ್ಸೆಂಬರ್ಗಿನಲ್ಲಿ. ನನ್ನ ಸೊಂಟದಲ್ಲಿ."

"ನೀನು ಎಂತ ಮಾಡಿದ್ದು ಗೊತ್ತುಂಟಾ ಅಕ್ಕಾ? ಊರಿಗಿಡೀ ಹೇಳಿ ಆಗಿದೆ. ಶಾಮಿಯಾನದವ ಕಂಬ ಹುಗಿದು ಹೋಗಿದ್ದಾನೆ. ನಾನು ಯಾರ ಮುಖ ನೋಡುದು?" ಎಂದ.

ಅಂಗಡಿಯಲ್ಲಿ ಐವತ್ತು ತರದ ಬೀಗ ಮಾರುವವನು ಅವನು. ಯಾವ ಬೀಗ ಎಲ್ಲಿ ಹೊಡೆದರೆ ತೆರೆಯುತ್ತದೆ ಎಂದು ಅವನಷ್ಟು ಗೊತ್ತಿರುವವರು ಸಂತೆಕಟ್ಟೆಯಲ್ಲಿ ಇನ್ನೊಬ್ಬರಿಲ್ಲ. ಆದರೆ ಈ ಬೀಗ ಒಡೆಯುತ್ತೇನೆಂದು ಅವನು ಬಾಯಿ ತಪ್ಪಿಯೂ ಹೇಳಲಿಲ್ಲ. ದೈವದ ಕೋಣೆಯ ಬೀಗ ಒಡೆದು ಗಡಿ ಹಿಡಿದವನೆಂಬ ಮಾತು ಮೂರು ತಲೆಮಾರಿಗೆ ಉಳಿಯುತ್ತದೆ.

ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಬೇರೆಯೇ ಚರ್ಚೆ ಎದ್ದಿತ್ತು. ಬೀಗದಕೈ ಸಮುದ್ರ ದಾಟಿದೆ, ಶುದ್ಧ ಆಗಬೇಕೋ ಬೇಡವೋ? ಒಬ್ಬರು ಆಗಲೇಬೇಕು ಎಂದರು. ದುಬೈಯಲ್ಲಿರುವ ಇನ್ನೊಬ್ಬರು, ಹಾಗಾದರೆ ನಾವೆಲ್ಲ ಎಂತ ಎಂದು ಕೇಳಿದರು. ಕೊನೆಗೆ ಪೂಜೆಯ ಭಟ್ಟರು ಸೀಯಾಳದ ಎಳನೀರು ಪ್ರೋಕ್ಷಿಸಿದರೆ ಸಾಕೆಂದರು. ಕಾರ್ಯಕ್ರಮ ನಾನು ಬಂದ ಮೇಲಿನ ಆದಿತ್ಯವಾರಕ್ಕೆ ಹೋಯಿತು. ವನಜಕ್ಕ ಬೇಕೆಂದೇ ಮಾಡಿದ್ದು ಎಂದು ಯಾರೂ ಬರೆಯಲಿಲ್ಲ. ಬರೆಯದೆ ಬಿಟ್ಟದ್ದೂ ನನಗೆ ಓದಲು ಬರುತ್ತಿತ್ತು.

ಮಾರ್ಗರೆಟ್ ಅವರ ಅಡುಗೆಮನೆ

ನಸೀಮಾಳ ಮನೆಯ ಕೆಳಗಿನ ಅಂತಸ್ತಿನಲ್ಲಿ ಮಾರ್ಗರೆಟ್ ಎಂಬ ಹಿರಿಯರು ಇದ್ದಾರೆ. ಅಂಚೆ ಕಚೇರಿಯಲ್ಲಿದ್ದು ನಿವೃತ್ತರಾದವರು, ಎಂಬತ್ತಕ್ಕೆ ಹತ್ತಿರ. ಗುರುವಾರ ಅವರು ನಮ್ಮನ್ನು ಊಟಕ್ಕೆ ಕರೆದರು. ಬೀನ್ಸ್ ಹಾಕಿದ ಸಾರು. ನಸೀಮಾಳಿಗೂ ನನಗೂ ಆಗುವ ಹಾಗೆ ಮಾಂಸ ಬಿಟ್ಟು ಮಾಡಿದ್ದರು. ಮೆಣಸು, ಹುಳಿ ಎರಡೂ ಇಲ್ಲ. ನಾನು ಚೀಲದಿಂದ ಉಪ್ಪಿನಕಾಯಿ ತೆಗೆದಾಗ ಅವರೂ ಒಂದು ತುಣುಕು ಹಾಕಿಕೊಂಡು, ಕಣ್ಣೀರು ಒರೆಸಿಕೊಂಡು, ಇನ್ನೊಂದು ತುಣುಕು ಕೇಳಿದರು. ಅಲ್ಲಿಂದ ನಾವು ಗೆಳತಿಯರಾದೆವು. ಅವರದ್ದು ನಿಧಾನದ ಇಂಗ್ಲಿಷ್, ನನ್ನದು ಕನ್ನಡ ಮೇಷ್ಟ್ರ ಇಂಗ್ಲಿಷ್, ಎರಡೂ ನಿಂತಲ್ಲಿ ನಸೀಮಾ.

ನಾಳೆ ಎಂತ ನಡೆಯುತ್ತದೆ ಎಂದು ಕೇಳಿದೆ. ಅವರು ಮೇಜಿನ ಮೇಲೆ ಎರಡು ಲೋಟ ಒತ್ತೊತ್ತಾಗಿ ಇಟ್ಟರು. ಒಂದು ಅರಮನೆ, ಇನ್ನೊಂದು ಸಂಸತ್ತು. ಎರಡು ಕಟ್ಟಡಗಳೂ ಹೀಗೆಯೇ, ಒಂದಕ್ಕೊಂದು ತಾಗಿಕೊಂಡು. ತಂದೆ ಸಹಿ ಹಾಕುವುದು ಅರಮನೆಯಲ್ಲಿ. ಅಷ್ಟಕ್ಕೇ ಆಗಲಿಲ್ಲ. ಮಗ ಅಲ್ಲಿಂದ ಸಂಸತ್ತಿಗೆ ಹೋಗಬೇಕು, ಆರಿಸಿ ಬಂದ ಸದಸ್ಯರ ಎದುರು ನಿಂತು ಸಂವಿಧಾನ ಪಾಲಿಸುತ್ತೇನೆಂದು ಪ್ರಮಾಣ ಮಾಡಬೇಕು. ಆಮೇಲೆಯೇ ಅಧಿಕಾರ. ಮಾಡುವುದಿಲ್ಲ ಎಂದರೆ ಪಟ್ಟವೂ ಇಲ್ಲ.

"ಅವರು ಇವನ ಬಳಿಗೆ ಬರುವುದಲ್ಲವಾ?" ಎಂದೆ.

"ಇಲ್ಲ, ಇಲ್ಲ. ಇವನೇ ಹೋಗಬೇಕು." ಮಾರ್ಗರೆಟ್ ಒಂದು ಚಮಚವನ್ನು ಮೊದಲ ಲೋಟದಿಂದ ತೆಗೆದು ಎರಡನೆಯದಕ್ಕೆ ಹಾಕಿದರು.

ಹೆಂಗಸರಿಗೆ ಪಟ್ಟ ಉಂಟಾ ಎಂದು ಕೇಳಿದೆ. ಕೆಲವು ವರ್ಷಗಳ ಹಿಂದೆ ನಿಯಮ ಬದಲಾಗಿದೆ, ಈಗ ಹಿರಿಯ ಮಗು ಹೆಣ್ಣಾದರೂ ಆಯಿತು ಎಂದರು. ಹಿಂದೆ ಗಂಡುಮಕ್ಕಳಿಲ್ಲದೆ ಇಬ್ಬರು ಹೆಂಗಸರು ಆಳಿದ್ದರಂತೆ. ಮೊದಲ ಮಹಾಯುದ್ಧ ಮುಗಿದ ಮೇಲೆ, ಆಗಿನ ರಾಣಿ ಬೇಕೋ ಬೇಡವೋ ಎಂದು ಜನರನ್ನೇ ಕೇಳಿದ್ದರಂತೆ. ಆ ವರ್ಷವಷ್ಟೇ ಹೆಂಗಸರಿಗೆ ಮತದ ಹಕ್ಕು ಸಿಕ್ಕಿತ್ತು.

"ನನ್ನ ಅಜ್ಜಿ ಬದುಕಿನಲ್ಲಿ ಹಾಕಿದ ಮೊದಲ ಮತ ಅದು. ಅಜ್ಜ ಬೇಡ ಎಂದು ಹಾಕಿದ, ಅಜ್ಜಿ ಬೇಕು ಎಂದು. ಒಂದು ವಾರ ಇಬ್ಬರಿಗೂ ಮಾತಿಲ್ಲ" ಎಂದು ಮಾರ್ಗರೆಟ್ ನಕ್ಕರು. "ರಾಣಿಯೆಂದರೆ ನಿನಗೆ ಅಷ್ಟು ಪ್ರೀತಿಯಾ ಎಂದು ನಾನು ಸಣ್ಣವಳಿದ್ದಾಗ ಕೇಳಿದ್ದೆ. ಪ್ರೀತಿಯೂ ಇಲ್ಲ, ಏನೂ ಇಲ್ಲ, ನನ್ನನ್ನು ಕೇಳಿದರಲ್ಲ, ಅದಕ್ಕೆ ಹೌದೆಂದೆ ಎಂದಿದ್ದಳು."

ನನಗೆ ಉಪ್ಪಿನಕಾಯಿ ಇಲ್ಲದೆಯೇ ಕಣ್ಣು ತುಂಬಿತು. ಬೀಗದಕೈ ಬಿಚ್ಚಿ ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದೆ. ಯಾರಿಗೂ ಹೇಳದಿದ್ದುದನ್ನೂ ಹೇಳಿದೆ. ಬಜ್ಪೆಯಲ್ಲಿ ಆ ಹುಡುಗಿ ಬೀಗದಕೈ ಹಿಂದಕ್ಕೆ ಕೊಟ್ಟ ಮೇಲೆ ಫೋನೂ ನನ್ನ ಕೈಗೆ ಬಂದಿತ್ತು. ನನ್ನನ್ನು ಬಿಡಲು ಬಂದಿದ್ದ ಜಯಕರ ಇನ್ನೂ ಹೊರಗೆ ಚಾ ಕುಡಿಯುತ್ತಿದ್ದ, ವಿಮಾನ ಹಾರುವವರೆಗೆ ಇರುತ್ತೇನೆ ಎಂದಿದ್ದ. ಒಂದು ಫೋನು ಮಾಡಿದ್ದರೆ ಯಾರ ಕೈಯಲ್ಲಾದರೂ ಹೊರಗೆ ಕಳುಹಿಸಬಹುದಿತ್ತು. ಮಾಡಲಿಲ್ಲ. ಕಟ್ಟಿದ್ದು ಮರೆವು, ಕೊಂಡುಹೋದದ್ದು ಮರೆವಲ್ಲ.

"ನಮ್ಮ ಬ್ಯಾರಿಗಳಲ್ಲಿ ಇಲ್ಲಂ ಅಂತ ಕುಲದ ಹೆಸರು ಉಂಟಲ್ಲ ಟೀಚರ್, ಅದೂ ತಾಯಿ ಕಡೆಯಿಂದಲೇ ಬರುದು. ಹೆಸರು ಹೆಂಗಸರದ್ದು, ಮಾತು ಗಂಡಸರದ್ದು" ಎಂದಳು ನಸೀಮಾ. ಮಾರ್ಗರೆಟ್ ಬೀಗದಕೈಯ ತೂಕ ನೋಡಿ ಮೆಲ್ಲಗೆ ಕೇಳಿದರು: "ನಿನಗೆ ಆ ಕುರ್ಚಿ ಬೇಕಾ?"

ಬೇಡ ಎಂದೆ. ತಕ್ಷಣ ಬಂತು, ಯೋಚಿಸಬೇಕಾಗಲಿಲ್ಲ. ನನಗೆ ಬೇಕಾದದ್ದು ಕುರ್ಚಿಯಲ್ಲ ಎಂದು ನನಗೇ ಗೊತ್ತಾದದ್ದು ಆಗ.

ಶುಕ್ರವಾರ, ಅರಮನೆಯ ಬೀದಿ

ಶುಕ್ರವಾರ ಬೆಳಗ್ಗೆ ಮೋಡ, ತಣ್ಣನೆಯ ಗಾಳಿ. ನಾನು ಸೀರೆ ಉಟ್ಟು, ಮೇಲೆ ನಸೀಮಾಳ ಕೋಟು ಹಾಕಿಕೊಂಡಿದ್ದೆ. ಅರಮನೆ ಎಂದರೆ ಮೈಸೂರಿನದ್ದನ್ನು ನೆನೆಸಿಕೊಂಡು ಹೋದವಳಿಗೆ ನಿರಾಸೆ ಖಂಡಿತ. ಬೀದಿಗೇ ಬಾಗಿಲು. ಹಿಂದಿನ ಸಂಜೆ, ಜನ ಇಲ್ಲದಾಗ, ಆ ಬಾಗಿಲಿನಿಂದ ಸಂಸತ್ತಿನ ಬಾಗಿಲಿಗೆ ನಾನು ಹೆಜ್ಜೆ ಹಾಕಿ ನೋಡಿದ್ದೆ. ಕಾವಲಿನ ಸೈನಿಕ ನನ್ನ ಹೆಜ್ಜೆಗಳನ್ನೇ ನೋಡುತ್ತಿದ್ದ. ಸರಿಯಾಗಿ ನಮ್ಮ ಮನೆಯ ಚಾವಡಿಯಿಂದ ಅಡುಗೆಮನೆಗೆ ಇರುವಷ್ಟು ದೂರ.

ಚೌಕದ ದೊಡ್ಡ ಪರದೆಯಲ್ಲಿ ಎಲ್ಲ ಕಂಡಿತು. ಸಹಿ ಆಯಿತು. ಮಗ ಸಂಸತ್ತಿಗೆ ಬಂದ. ಸಾಲು ಸಾಲಾಗಿ ಸದಸ್ಯರು, ಗಂಡಸರೂ ಹೆಂಗಸರೂ. ಅವರ ಮುಂದೆ ನಿಂತು ಅವನು ಪ್ರಮಾಣ ಮಾಡಿದ್ದು ಲಕ್ಸೆಂಬರ್ಗಿಷಿನಲ್ಲಿ, ಮಾರ್ಗರೆಟ್ ತಮ್ಮ ಮನೆಯ ಬೆಕ್ಕನ್ನು ಬೈಯುವ ಭಾಷೆಯಲ್ಲಿ. ನಮ್ಮ ತುಳುವನ್ನು ದೊಡ್ಡ ಸಭೆಯಲ್ಲಿ ಕೇಳಿದರೆ ನಮಗೇ ನಗು ಬರುವಂತಾಗಿದೆ. ಇಲ್ಲಿ ಯಾರೂ ನಗಲಿಲ್ಲ. ಸುತ್ತ ಎಲ್ಲರೂ ಚಪ್ಪಾಳೆ ತಟ್ಟಿದಾಗ ನಾನು ಅಭ್ಯಾಸಬಲದಿಂದ ಕೈಮುಗಿದುಬಿಟ್ಟೆ. ಪಕ್ಕದ ಪೋರ್ಚುಗೀಸ್ ಅಮ್ಮನೊಬ್ಬಳು ನನ್ನನ್ನು ನೋಡಿ ತಾನೂ ಕೈಮುಗಿದಳು.

ಆ ಸಭೆ ಬೇಡ ಎನ್ನುವುದಿಲ್ಲ ಎಂದು ಎಲ್ಲರಿಗೂ ಮೊದಲೇ ಗೊತ್ತಿತ್ತು. ಆದರೂ ಅವನು ಅಷ್ಟು ಹೆಜ್ಜೆ ನಡೆದು ಹೋಗಲೇಬೇಕಿತ್ತು. ಉತ್ತರ ಗೊತ್ತಿದ್ದರೂ ಎದುರು ಹೋಗಿ ನಿಲ್ಲುವುದು ಬೇರೆ, ಉತ್ತರ ಗೊತ್ತಿದೆ ಎಂದು ಹೋಗದೇ ಇರುವುದು ಬೇರೆ. ನಮ್ಮ ಮನೆಯ ಗಡಿಗೆ ಎಷ್ಟು ತಲೆಮಾರು ಆಯಿತೋ, ಚಾವಡಿಯಿಂದ ಅಡುಗೆಮನೆಗೆ ಅದಕ್ಕಾಗಿ ನಡೆದು ಬಂದವರು ಒಬ್ಬರೂ ಇಲ್ಲ.

ಸಂಜೆ ಜಯಕರನಿಗೆ ಫೋನು ಮಾಡಿದೆ. ನೋಡಿದ್ದನ್ನೆಲ್ಲ ಹೇಳಿದೆ.

"ನೀನು ರಾಜರ ಕತೆ ಹೇಳ್ತಾ ಇದ್ದೀಯಲ್ಲ ಅಕ್ಕಾ, ಇಲ್ಲಿ ನನ್ನ ಮಾನ ಹೋಗಿ ಆಯ್ತು" ಎಂದ.

"ಬಜ್ಪೆಯಲ್ಲೇ ನನಗೆ ಗೊತ್ತಾಗಿತ್ತು ಜಯಾ. ನೀನು ಹೊರಗೆ ಇದ್ದದ್ದೂ ಗೊತ್ತಿತ್ತು. ಬೇಕೆಂದೇ ಹೇಳಲಿಲ್ಲ. ನನ್ನದು ತಪ್ಪು."

"ಯಾಕೆ?"

"ನನ್ನನ್ನು ಯಾರೂ ಕೇಳಲಿಲ್ಲ. ಅಮ್ಮನನ್ನೂ ಯಾರೂ ಕೇಳಿರಲಿಲ್ಲ."

ಅವನು ಫೋನು ಇಟ್ಟ. ತಮ್ಮನನ್ನು ಕಳೆದುಕೊಂಡೆ ಎಂದೇ ನನಗನಿಸಿತು. ಉಳಿದ ಹತ್ತು ದಿನ ಎಂತೆಂಥ ಕೋಟೆ, ಎಂತೆಂಥ ಕಣಿವೆ ನೋಡಿದೆನೋ, ಯಾವುದೂ ನೆನಪಿನಲ್ಲಿ ನಿಂತಿಲ್ಲ.

ಹಿರಿಯಡ್ಕ

ನನ್ನನ್ನು ಕರೆದುಕೊಂಡು ಹೋಗಲು ಬಜ್ಪೆಗೆ ಜಯಕರನೇ ಬಂದಿದ್ದ. ಪಡುಬಿದ್ರಿ ದಾಟುವವರೆಗೆ ರಸ್ತೆಯನ್ನೇ ನೋಡುತ್ತಾ ಕಾರು ಓಡಿಸಿದ. ಕಾಪುವಿನಲ್ಲಿ ಚಾ ಕುಡಿಯಲು ನಿಲ್ಲಿಸಿದಾಗ ಬೀಗದಕೈ ಬಿಚ್ಚಿ ಅವನ ಮುಂದೆ ಇಟ್ಟೆ. ಅವನು ಅದನ್ನು ಮುಟ್ಟಲಿಲ್ಲ. "ನಿನ್ನ ಸೊಂಟದಲ್ಲೇ ಇರಲಿ. ಆದಿತ್ಯವಾರ ಕೋಣೆ ನೀನೇ ತೆಗಿ" ಎಂದ. ಅದು ಸಿಟ್ಟೋ ಮತ್ತೊಂದೋ ಗೊತ್ತಾಗಲಿಲ್ಲ.

ಆದಿತ್ಯವಾರ ಬೀಗದಕೈಗೆ ಸೀಯಾಳದ ನೀರಿನ ಸ್ನಾನ ಆಯಿತು. ಕೋಣೆ ತೆರೆದೆ, ಬೀಗದಕೈಯನ್ನು ಬೀಗದಲ್ಲೇ ಬಿಟ್ಟು ಅಡುಗೆಮನೆಗೆ ಬಂದೆ. ಪಾಯಸ ಕುದಿಯುತ್ತಿತ್ತು. ಬಾಗಿಲ ಸಂದಿಯಿಂದ ಚಾವಡಿ ಕಾಣುತ್ತಿತ್ತು. ಜಯಕರನ ತಲೆಗೆ ಮುಂಡಾಸು ಕಟ್ಟಿದರು. ಪಕ್ಕದ ಗುತ್ತಿನ ಹಿರಿಯರು ಎದ್ದು ನಿಂತು, "ಊರ ಹತ್ತು ಸಮಸ್ತರ ಒಪ್ಪಿಗೆ ಉಂಟಾ?" ಎಂದು ಪದ್ಧತಿಯಂತೆ ಮೂರು ಸಲ ಕೇಳಿದರು. ಚಾವಡಿ ತುಂಬ ಇದ್ದ ಗಂಡಸರು ಮೂರು ಸಲವೂ "ಉಂಟು" ಎಂದರು. ಇನ್ನು ಕತ್ತಿ ಹಿಡಿದು ಕೂರುವುದೊಂದೇ.

ಜಯಕರ ಕೂರಲಿಲ್ಲ.

"ಒಂದು ನಿಮಿಷ" ಎಂದು ಹಿರಿಯರಿಗೆ ಹೇಳಿ ಒಳಗಿನ ಕಡೆ ತಿರುಗಿದ. ಏನೋ ಮರೆತಿದ್ದಾನೆ ಎಂದು ಎಲ್ಲರೂ ತಿಳಿದರು. ಅವನು ನಡು ಅಂಗಳ ದಾಟಿದ, ಪಡಸಾಲೆ ದಾಟಿದ. ನಾನು ಮನಸ್ಸಿನಲ್ಲೇ ಹೆಜ್ಜೆ ಎಣಿಸುತ್ತಿದ್ದೆ. ಅಡುಗೆಮನೆಯ ಹೊಸ್ತಿಲಿನ ಆಚೆ ನಿಂತು, ಮುಂಡಾಸು ಬಾಗಿಲಿಗೆ ತಾಗದ ಹಾಗೆ ತಲೆ ಬಗ್ಗಿಸಿ ಕೇಳಿದ:

"ಒಳಗಿನವರ ಒಪ್ಪಿಗೆ ಉಂಟಾ?"

ಸೌಟು ಹಿಡಿದವಳು ಸೌಟು ಹಿಡಿದಂತೆಯೇ ನಿಂತಳು. ಹದಿನೈದು ಹೆಂಗಸರೂ ಹೊಸ್ತಿಲಿನ ಕಡೆ ತಿರುಗಿದರು. ಮೂಲೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದ, ಎಂಬತ್ತು ದಾಟಿದ ಕಮಲಚಿಕ್ಕಮ್ಮ ಮಣೆಯಿಂದ ಕಷ್ಟಪಟ್ಟು ಎದ್ದರು. "ಇಷ್ಟು ವರ್ಷಕ್ಕೆ ಒಬ್ಬ ಇಲ್ಲಿವರೆಗೆ ಬಂದ" ಎಂದು ಸೆರಗಿನಲ್ಲಿ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಹೇಳು ವನಜಾ. ನೀನು ತಾನೇ ಇಷ್ಟೆಲ್ಲ ಮಾಡಿದ್ದು?"

ನನ್ನ ಕೈ ಸೊಂಟಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ತಮ್ಮ ಕಾಯುತ್ತಿದ್ದ. ಅವನ ಹಿಂದೆ ಚಾವಡಿಯ ಗಂಡಸರೆಲ್ಲ ಎದ್ದು ಕತ್ತು ಉದ್ದ ಮಾಡಿ ನೋಡುತ್ತಿದ್ದರು.

"ಉಂಟು" ಎಂದೆ. ಅವನು ತಿರುಗಿ ಹೊರಡಲು ನೋಡಿದಾಗ ನನ್ನೊಳಗಿನ ಟೀಚರಿಗೆ ಜೀವ ಬಂತು. "ನಿಲ್ಲು ಮಾರಾಯಾ. ಹೊರಗೆ ಮೂರು ಸಲ ಕೇಳಿದ್ದಲ್ವಾ?"

ಅವನು ನಕ್ಕ. ಕಣ್ಣು ಒದ್ದೆಯಾಗಿತ್ತು. ಎರಡನೆಯ ಸಲ ಕೇಳಿದಾಗ ಐದಾರು ಮಂದಿ ಹೇಳಿದರು. ಮೂರನೆಯ ಸಲ ಕೇಳಿದಾಗ ಎಲ್ಲ ಹೆಂಗಸರೂ ಒಟ್ಟಿಗೆ ಎಷ್ಟು ಗಟ್ಟಿಯಾಗಿ "ಉಂಟು" ಎಂದರೆಂದರೆ, ಅದರಲ್ಲಿ ನನ್ನ ಧ್ವನಿ ಯಾವುದೆಂದು ನನಗೇ ಕೇಳಿಸಲಿಲ್ಲ.